ಹಳೇ ಶಾಲೆಯನ್ನು ಊರಿನ ವಸ್ತುಸಂಗ್ರಹಾಲಯ ಮಾಡಹೊರಟವರಿಗೆ

ನಾನು ಮೂವತ್ತು ವರ್ಷ ಕೊಡಗಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ, ಮಕ್ಕಳಿಲ್ಲದೆ ಬಾಗಿಲು ಹಾಕಿದ್ದ ನಮ್ಮೂರ ಹೆಂಚಿನ ಶಾಲೆಯನ್ನು ಕೆಲವರು ಸೇರಿ ಊರಿನ ಚರಿತ್ರೆ ಹೇಳುವ ಜಾಗ ಮಾಡಿದೆವು. ನೀವೂ ಮಾಡುವುದಾದರೆ ಇದನ್ನೊಮ್ಮೆ ಓದಿ.

ಮೊದಲು ಕಾಗದಪತ್ರ. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಬರಹದ ಒಪ್ಪಿಗೆ ಬೇಕು, ಪಂಚಾಯಿತಿಯಲ್ಲಿ ಠರಾವು ಆಗಬೇಕು. ಅದು ಕೈಗೆ ಬರುವ ತನಕ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಮಕ್ಕಳ ದಾಖಲಾತಿ ಪುಸ್ತಕ ನಿಮ್ಮದಲ್ಲ, ಇಲಾಖೆಯದು. ಹುಟ್ಟಿದ ತಾರೀಕಿಗಾಗಿ ಈಗಲೂ ಜನ ಅದನ್ನು ಹುಡುಕಿಕೊಂಡು ಬರುತ್ತಾರೆ. ಜಾತಿ, ತಂದೆಯ ಕಸುಬು ಎಲ್ಲ ಅದರಲ್ಲಿರುವುದರಿಂದ ಪುಟ ತೆರೆದು ಪ್ರದರ್ಶನಕ್ಕಿಡುವುದು ಸರಿಯಲ್ಲ. ನಾವು ಅನುಮತಿ ಪಡೆದು 1956ರ ಒಂದು ಹಾಜರಿ ಪುಸ್ತಕದ ಹೊದಿಕೆಯ ಫೋಟೊ ಮಾತ್ರ ತೆಗೆದೆವು. ಆ ವರ್ಷ ನವೆಂಬರ್ 1ಕ್ಕೆ ಕೊಡಗು ರಾಜ್ಯ ಮೈಸೂರು ರಾಜ್ಯದೊಳಗೆ ಸೇರಿತಲ್ಲ, ಹೊದಿಕೆಯ ಮೇಲಿದ್ದ 'ಕೂರ್ಗ್' ಎಂಬುದನ್ನು ಯಾರೋ ಮೇಷ್ಟ್ರು ಶಾಯಿಯಲ್ಲಿ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾರೆ. ನಮ್ಮಲ್ಲಿ ಜನ ಅತಿ ಹೆಚ್ಚು ಹೊತ್ತು ನಿಂತು ನೋಡುವುದು ಆ ಗೆರೆಯನ್ನೇ.

ಇನ್ನು ಮಳೆ. ಮಡಿಕೇರಿಯಲ್ಲಿ ವರ್ಷದ ಮಳೆ ಸರಾಸರಿ 3000 ಮಿಲಿಮೀಟರ್ ದಾಟುತ್ತದೆ. ಹಾಗಾಗಿ ದುಡ್ಡಿದ್ದಷ್ಟನ್ನೂ ಮೊದಲು ಮಾಡಿಗೆ, ಅಂದರೆ ಚಾವಣಿಗೆ ಹಾಕಿ. ಏಪ್ರಿಲ್ ಒಳಗೆ ಹೆಂಚು ಇಳಿಸಿ, ಪಾಚಿ ಉಜ್ಜಿ, ಒಡೆದದ್ದು ಬದಲಿಸಿ, ಗೆದ್ದಲು ತಿಂದ ಮರದ ರೀಪು ತೆಗೆಸಿ. ಹೆಂಚಿನ ಬೆನ್ನಲ್ಲಿ ಕಾರ್ಖಾನೆಯ ಮುದ್ರೆ ಇದ್ದರೆ ಒಂದೆರಡನ್ನು ಒಳಗೇ ಎತ್ತಿಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಆ ಕಥೆಗೆ ನಿಮ್ಮ ಮಾಡೇ ಸಾಕ್ಷಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಸಬೇಡಿ. ಸುಣ್ಣ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಆಮೇಲೆ ಗೋಡೆ ಒಳಗಿಂದಲೇ ಉದುರತೊಡಗುತ್ತದೆ.

ಮೊದಲ ಮಳೆಗಾಲದಲ್ಲಿ ನನ್ನಿಂದಲೇ ಒಂದು ತಪ್ಪಾಯಿತು. ಏಳನೇ ಕ್ಲಾಸಿನ ಹಳೇ ಗ್ರೂಪ್ ಫೋಟೊವನ್ನು ಪಡುವಣ ಗೋಡೆಗೆ ಒರಗಿಸಿಟ್ಟಿದ್ದೆ. ಆಗಸ್ಟ್‌ನಲ್ಲಿ ನೋಡಿದರೆ ಹಿಂದೆಲ್ಲ ಬೂಷ್ಟು, ಮುಂದೆ ಫೋಟೊ ಗಾಜಿಗೆ ಅಂಟಿಕೊಂಡಿದೆ. ಬಿಡಿಸಲು ಹೋಗಿ ಎರಡು ಹುಡುಗಿಯರ ಮುಖ ಗಾಜಿನ ಮೇಲೇ ಉಳಿಯಿತು. ಆ ಸಂಕಟ ನಿಮಗೆ ಬೇಡ. ಅಂಟಿದ್ದನ್ನು ಕೀಳದೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ಚೌಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ದಪ್ಪ ಕಾಗದದ ಅಂಚು ಕೊಡಿಸಿ, ಒಳಗೋಡೆಗೆ ತೂಗುಹಾಕಿ. ಲ್ಯಾಮಿನೇಷನ್, ಸೆಲ್ಲೋಟೇಪು ಯಾವತ್ತೂ ಬೇಡ. ಆರ್ದ್ರತೆ ಅಳೆಯುವ ಪುಟ್ಟ ಮೀಟರ್ ಒಂದು ಕೊಂಡಿಡಿ. ಶೇಕಡಾ 65 ದಾಟಿದರೆ ಬೂಷ್ಟಿಗೆ ಹಬ್ಬ. ಬಟ್ಟೆ, ಬುಟ್ಟಿ, ಪುಸ್ತಕಕ್ಕೆ ಹುಳ ಬಿದ್ದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ವಸ್ತುವಿನ ಮೇಲೆ ನೀರು ಕೂರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ವಸ್ತು ಇಸಕೊಳ್ಳುವ ಮೊದಲು ಅದರ ಕಥೆ ಬರೆದುಕೊಳ್ಳಿ. ಯಾರದು, ಎಲ್ಲಿಂದ ಬಂತು, ಏನಕ್ಕೆ ಬಳಸುತ್ತಿದ್ದರು, ಇದನ್ನು ಹೇಳಿದವರು ಯಾರು, ಯಾವ ದಿನ. ಗಟ್ಟಿ ರಟ್ಟಿನ ಒಂದು ಲೆಡ್ಜರ್ ಸಾಕು. ವರ್ಷ, ಕೊಟ್ಟವರ ಕ್ರಮಸಂಖ್ಯೆ, ವಸ್ತುವಿನ ಸಂಖ್ಯೆ, ಹೀಗೆ 2019.14.2 ಅಂತ ನಂಬರ್ ಕೊಟ್ಟು, ಹತ್ತಿಯ ದಾರದಲ್ಲಿ ಚೀಟಿ ಕಟ್ಟಿ. ದಾನವೋ, ಸಾಲವಾಗಿ ಕೊಟ್ಟದ್ದೋ ಎಂದು ಬರೆಸಿ ಸಹಿ ಹಾಕಿಸಿ. ನೆಂಟಸ್ತಿಕೆ ಅಂತ ಸಂಕೋಚ ಪಟ್ಟರೆ ನಾಳೆ ಮೊಮ್ಮಕ್ಕಳ ಕಾಲಕ್ಕೆ ಜಗಳವಾಗುತ್ತದೆ.

ನಮ್ಮ ಶಾಲೆಯ ಗಂಟೆಯನ್ನೇ ನೋಡಿ, ಅದು ರೈಲು ಕಂಬಿಯ ತುಂಡು. ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಕೊಡಗಲ್ಲಿ ರೈಲೇ ಇಲ್ಲ, ಕಂಬಿ ಎಲ್ಲಿಂದ ಬಂತು?" ಮೈಸೂರಿಂದ ಅಕ್ಕಿ ಲಾರಿಯಲ್ಲಿ ಬಂತೆಂದು ತಂದವರ ಮಗ ಹೇಳಿದ್ದು ಲೆಡ್ಜರಿನಲ್ಲಿ ಇರುವುದರಿಂದ ಉತ್ತರ ಇದೆ. ಆ ಒಂದು ಸಾಲು ಇಲ್ಲದಿದ್ದರೆ ಅದು ಬರೀ ಗುಜರಿ.

ಏನು ತೆಗೆದುಕೊಳ್ಳಬಾರದು ಎನ್ನುವುದೂ ಗೊತ್ತಿರಲಿ. ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲ ಮನೆಗಳು) ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ ತೂಗುವ ಕಾಡೆಮ್ಮೆ ಕೊಂಬು, ಜಿಂಕೆ ಕೊಂಬು, ಹುಲಿಚರ್ಮಗಳಿಗೆ 1972ರ ವನ್ಯಜೀವಿ ಕಾಯ್ದೆ ಇದೆ. ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟಬೇಡಿ. ಕೋವಿ, ಒಡಿಕತ್ತಿಗಳನ್ನು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಮನೆಯಲ್ಲಿ ಪೂಜೆಗಿಡುತ್ತಾರೆ. ಅವು ಮನೆಯಲ್ಲೇ ಇರಲಿ, ಫೋಟೊ ಮತ್ತು ಕಥೆ ನಮಗೆ ಸಾಕು. ನೂರು ವರ್ಷ ಮೀರಿದ ವಿಗ್ರಹ, ಶಾಸನದಂಥದ್ದು ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸಿ.

ದೊಡ್ಡ ಮನೆಗಳ ಹಿತ್ತಾಳೆ ಪಾತ್ರೆ ತಾನಾಗಿಯೇ ಬರುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ನೀವೇ ನಡೆದು ಹೋಗಬೇಕು. ಹಾಗೆ ಹೋದಾಗ ಎರವ ಬುಡಕಟ್ಟಿನ ಒಬ್ಬ ಅಜ್ಜಿ ನಾಟಿಗೆ ಹೊದೆಯುತ್ತಿದ್ದ ಗೊರಬೆಯನ್ನು (ಎಲೆಯಿಂದ ಮಾಡಿದ ಮಳೆಹೊದಿಕೆ) ಅಟ್ಟದಿಂದ ಇಳಿಸಿ, "ಟೀಚರೇ, ಇದೂ ಚರಿತ್ರೆಯಾ?" ಅಂದರು. ಹೊಗೆ ಹಿಡಿದು ಎಲೆ ಕಪ್ಪಾಗಿತ್ತು, ತಲೆ ತಾಗುವ ಜಾಗದಲ್ಲಿ ಹಳೇ ಸೀರೆಯ ತುಂಡು ಹೊಲಿದಿದ್ದರು. ಅದನ್ನು ಬಾಗಿಲಿಗೆ ಎದುರಾಗಿ ಇಟ್ಟಿದ್ದೇವೆ, ಅವರು ಹೇಳಿದ ಹೆಸರನ್ನು ಅವರದೇ ಭಾಷೆಯಲ್ಲಿ ಮೇಲೆ ಬರೆದು, ಕನ್ನಡ ಕೆಳಗೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯಾರು ಕೊಟ್ಟರೋ ಅವರ ಮಾತಿನಲ್ಲೇ ಹೆಸರಿರಲಿ.

ಒಂದು ಕೋಣೆಯನ್ನು ಮಾತ್ರ ತರಗತಿಯಾಗಿಯೇ ಬಿಡಿ: ಬೆಂಚು, ಕರಿಹಲಗೆ, ಸ್ಲೇಟು, ಬಳಪ. ಮೇಷ್ಟ್ರ ಮೇಜಿನ ಮೇಲೆ ದೊಡ್ಡ ನೋಟ್‌ಬುಕ್ ಇಡಿ, ಬಂದವರು ನಮ್ಮ ಚೀಟಿಯಲ್ಲಿನ ತಪ್ಪು ತಿದ್ದಲಿ, ಫೋಟೊದಲ್ಲಿ ಗುರುತು ಸಿಕ್ಕವರ ಹೆಸರು ಬರೆಯಲಿ. ಪಕ್ಕದಲ್ಲಿ ಪೆನ್ನು ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಪೆನ್ಸಿಲಿಗೆ ದಾರ ಕಟ್ಟಿ ಇಡಿ.