ಕ್ಲಿಪ್ ಹಾಕಿಯಾಯಿತು, ಇನ್ನು ಸೋಡಿಯಂ ನೋಡಿ

ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿದ ಜಾಗವೇ ಅನ್ಯೂರಿಸಂ. ಅದು ಒಡೆದು ರಕ್ತ ಸೋರಿದ ಮೇಲೆ, ಕ್ಲಿಪ್ ಹಾಕಿಯೋ ಬೇರೆ ರೀತಿಯಲ್ಲೋ ಅದನ್ನು ಮುಚ್ಚುವ ತನಕ ಇರುವ ದೊಡ್ಡ ಹೆದರಿಕೆ ಮತ್ತೆ ಒಡೆಯುವುದು. ಮೊದಲ 24 ಗಂಟೆಯಲ್ಲಿ ಆ ಅಪಾಯ ಹೆಚ್ಚು. ಅದಕ್ಕೇ ಆರ್ಟೀರಿಯಲ್ ಲೈನ್ (ಬಿಪಿಯನ್ನು ಸತತ ತೋರಿಸುವ, ಅಪಧಮನಿಯೊಳಗಿನ ಕೊಳವೆ) ಹಾಕಿ ಸಿಸ್ಟಾಲಿಕ್ (ಮೇಲಿನ) ಬಿಪಿಯನ್ನು 160ರ ಒಳಗೆ ಹಿಡಿಯುತ್ತೇನೆ. ತೀರಾ ಇಳಿಸುವುದಿಲ್ಲ, ಬುರುಡೆಯೊಳಗೆ ಒತ್ತಡ ಏರಿರುವಾಗ ಬಿಪಿ ಬಿದ್ದರೆ ಮಿದುಳಿಗೆ ರಕ್ತ ಸಾಲದು.

ರೋಗಿ ಮಂಕಾಗುತ್ತಿದ್ದು, ಸಿಟಿಯಲ್ಲಿ ವೆಂಟ್ರಿಕಲ್ (ಮಿದುಳಿನೊಳಗಿನ ದ್ರವದ ಕೋಣೆ) ಹಿಗ್ಗಿದ್ದರೆ ಇವಿಡಿ, ಅಂದರೆ ಆ ದ್ರವವನ್ನು ಹೊರಕ್ಕೆ ಹರಿಸುವ ಕೊಳವೆ. ಎಡವಟ್ಟಾಗುವುದು ಹೆಚ್ಚಾಗಿ ಕೊಳವೆ ಹಾಕುವಾಗಲ್ಲ, ಆಮೇಲೆ ಮಟ್ಟ ಹಿಡಿಯುವಾಗ. ಕೊಳವೆಯ ಎತ್ತರ ಅಳೆಯುವ ಸ್ಕೇಲಿನ ಸೊನ್ನೆ ಕಿವಿರಂಧ್ರದ ಮುಂದಿನ ಪುಟ್ಟ ಉಬ್ಬಿನ ನೇರಕ್ಕಿರಬೇಕು. ಅನ್ಯೂರಿಸಂ ಮುಚ್ಚುವ ಮೊದಲು ದ್ರವ ಹನಿಯುವ ಚೇಂಬರನ್ನು ಆ ಸೊನ್ನೆಯಿಂದ 15ರಿಂದ 20 ಸೆಂ.ಮೀ. ಎತ್ತರಕ್ಕೆ ಕಟ್ಟುತ್ತೇನೆ. ಕೆಳಗಿಟ್ಟು ದ್ರವ ದಬದಬ ಹರಿದರೆ ಹೊರಗಿನ ಒತ್ತಡದ ಆಸರೆ ತಪ್ಪಿ ಅನ್ಯೂರಿಸಂ ಮತ್ತೆ ಬಿರಿಯಬಹುದು. ಹಾಸಿಗೆಯ ತಲೆಭಾಗ ಏರಿಸಿದಾಗಲೆಲ್ಲ ಸ್ಕೇಲನ್ನೂ ಸರಿಪಡಿಸಬೇಕು.

ರಕ್ತ ಸಾಲದೆ ಮಿದುಳಿಗಾಗುವ ಹಾನಿ ತಗ್ಗಿಸಲು ಬಾಯಿಯ ಮೂಲಕ ನಿಮೋಡಿಪಿನ್ 60 ಮಿ.ಗ್ರಾಂ., 4 ಗಂಟೆಗೊಮ್ಮೆ, 21 ದಿನ. ಬಿಪಿ ಕುಸಿದರೆ ನಿಲ್ಲಿಸುವ ಬದಲು 30 ಮಿ.ಗ್ರಾಂ., 2 ಗಂಟೆಗೊಮ್ಮೆ. ಮೂಗಿನ ಟ್ಯೂಬಿಗೆಂದು ಕ್ಯಾಪ್ಸೂಲಿನ ದ್ರವವನ್ನು ಸಿರಿಂಜಿಗೆ ಎಳೆದರೆ ‘ರಕ್ತನಾಳಕ್ಕೆ ಬೇಡ’ ಎಂಬ ಚೀಟಿ ಅಂಟಿಸಲೇಬೇಕು. ತಪ್ಪಿ ಐವಿ ಲೈನಿಗೆ ಹೋದರೆ ಪ್ರಾಣಕ್ಕೇ ಕುತ್ತು.

ಎಲ್ಲರೂ ಹಗುರಾಗುವ ಹೊತ್ತಿಗೇ, ರಕ್ತಸ್ರಾವದ 4ರಿಂದ 14ನೇ ದಿನದೊಳಗೆ, ವ್ಯಾಸೋಸ್ಪಾಸಂ, ಅಂದರೆ ಮಿದುಳಿನ ರಕ್ತನಾಳ ಬಿಗಿದು ಕಿರಿದಾಗುವುದು, ಕಾಡುತ್ತದೆ. ಅದರ ಜೊತೆಗೇ ಅನೇಕರಲ್ಲಿ ರಕ್ತದ ಸೋಡಿಯಂ ಜಾರುತ್ತದೆ. ಮೂತ್ರ ಜಾಸ್ತಿಯಾಗುತ್ತಾ 138 ಇದ್ದದ್ದು 131ಕ್ಕೆ ಬಂದಾಗ ‘ನೀರು ಕಡಿಮೆ ಕೊಡಿ’ ಎಂದು ಬರೆಯುವುದು ಇಲ್ಲಿ ದೊಡ್ಡ ತಪ್ಪು. ಉಪ್ಪಿನ ಜೊತೆ ನೀರೂ ಸೋರಿ ರಕ್ತದ ಪ್ರಮಾಣ ಇಳಿದಿರುತ್ತದೆ. ಮೊದಲೇ ಕಿರಿದಾದ ನಾಳ, ಅದರಲ್ಲಿ ಹರಿಯಲು ರಕ್ತವೂ ಸಾಲದೆ ಆ ನಾಳದ ಪಾಲಿನ ಮಿದುಳಿನ ಭಾಗ ಸಾಯಬಹುದು. ಹೋದಷ್ಟನ್ನು ತುಂಬಿಸಿ, 3% ಸಲೈನ್ (ಗಟ್ಟಿ ಉಪ್ಪುನೀರು) ನಿಧಾನಕ್ಕೆ ಕೊಟ್ಟು, ಮೂತ್ರಪಿಂಡ ಉಪ್ಪನ್ನು ಹಿಡಿದಿಡುವಂತೆ ಮಾಡುವ ಫ್ಲುಡ್ರೋಕಾರ್ಟಿಸೋನ್ ಸೇರಿಸಿ, 6 ಗಂಟೆಗೊಮ್ಮೆ ಸೋಡಿಯಂ ನೋಡುತ್ತೇನೆ. ಈ ಔಷಧದಿಂದ ಪೊಟ್ಯಾಶಿಯಂ ಇಳಿಯುವುದನ್ನೂ ಗಮನಿಸಬೇಕು.

ಟಿಸಿಡಿಯಲ್ಲಿ (ಬುರುಡೆಯ ಮೇಲಿಂದ ಮಾಡುವ ಅಲ್ಟ್ರಾಸೌಂಡ್) ಎಂಸಿಎಯ (ಮಿದುಳಿನ ಒಂದು ಮುಖ್ಯ ಅಪಧಮನಿ) ರಕ್ತದ ಸರಾಸರಿ ವೇಗ ಸೆಕೆಂಡಿಗೆ 120 ಸೆಂ.ಮೀ. ದಾಟಿ, ಕುತ್ತಿಗೆಯ ಕೆರೋಟಿಡ್ ನಾಳದ ವೇಗದ 3 ಪಟ್ಟು ಮೀರಿದರೆ ಸ್ಪಾಸಂ ಎಂದೇ ಲೆಕ್ಕ. ಆದರೂ ನನಗೆ ಯಂತ್ರಕ್ಕಿಂತ ರೋಗಿಯ ತೋಳಿನ ಮೇಲೆ ನಂಬಿಕೆ: ಕಣ್ಣು ಮುಚ್ಚಿಸಿ, ಅಂಗೈ ಮೇಲೆ ಮಾಡಿ ಎರಡೂ ತೋಳು ಚಾಚಿಸಿದಾಗ, ಮಿದುಳಿಗೆ ರಕ್ತ ಸಾಲದಿದ್ದರೆ ಒಂದು ಕೈ ಮೆಲ್ಲಗೆ ಒಳಕ್ಕೆ ತಿರುಗಿ ಇಳಿಯುತ್ತದೆ. ಹಾಗಾದರೆ ಕೂಡಲೇ ಸಿಟಿ, ವೆಂಟ್ರಿಕಲ್ ಹಿಗ್ಗಿದೆಯೇ, ಮತ್ತೆ ರಕ್ತ ಬಂದಿದೆಯೇ ನೋಡಲು. ಎರಡೂ ಇಲ್ಲ, ಅನ್ಯೂರಿಸಂ ಭದ್ರವಾಗಿದೆ, ಎಕೋದಲ್ಲಿ ಹೃದಯವೂ ಸೋತಿಲ್ಲ ಎಂದಾದರೆ ನಾರ್‌ಅಡ್ರಿನಲಿನ್ ಹಚ್ಚಿ ಬಿಪಿಯನ್ನು ಹಂತಹಂತವಾಗಿ ಏರಿಸುತ್ತಾ ಅದೇ ತೋಳು ನೋಡುತ್ತೇನೆ. ಏಳಲಿಲ್ಲವೋ, ಕಿರಿದಾದ ನಾಳವನ್ನು ಒಳಗಿನಿಂದ ಹಿಗ್ಗಿಸಲು ಆಂಜಿಯೋ ಟೇಬಲ್‌ಗೆ. ದ್ರವ ಸುರಿದು ರಕ್ತ ತೆಳುವಾಗಿಸುವ ಹಳೆಯ ಪದ್ಧತಿ ಬಿಟ್ಟಾಯಿತು. ಅದರಿಂದ ತುಂಬುತ್ತಿದ್ದದ್ದು ಶ್ವಾಸಕೋಶ.