ನೀರಿಗೆ ಫ್ಲೋರೈಡ್ ಸೇರಿಸುವ ಮೊದಲು ಮಕ್ಕಳ ಹಲ್ಲು ನೋಡುವುದು ಹೇಗೆ?

ಹಲ್ಲು ಹುಳುಕಾಗದಿರಲಿ ಎಂದು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವ ಪದ್ಧತಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ 1945ರಲ್ಲೇ ಶುರುವಾಯಿತು. ನಮ್ಮ ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿರುವುದೇ ತೊಂದರೆ. ಹಾಗಾಗಿ ಮಲೆನಾಡಿನಲ್ಲಿ ಯಾರಾದರೂ ಈ ಮಾತೆತ್ತಿದರೆ, ಸುಮ್ನೆ ಒಪ್ಪುವ ಮೊದಲು ಈ ಕೆಲಸ ಆಗಬೇಕು.

ನೀರಿನಿಂದ ಶುರು ಮಾಡಿ. ನಲ್ಲಿ, ಬೋರ್‌ವೆಲ್, ಬಾವಿ ಎಲ್ಲದರ ನೀರನ್ನೂ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕಳಿಸಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಅಮೆರಿಕದಲ್ಲಿ 2015ರಲ್ಲಿ ಶಿಫಾರಸು ಮಾಡಿದ್ದು ಲೀಟರಿಗೆ 0.7 ಮಿಲಿಗ್ರಾಂ. ನಮ್ಮ ದೇಶದ ಗುಣಮಟ್ಟ ಸಂಸ್ಥೆ ಬಿಐಎಸ್ ಇಟ್ಟಿರುವ ಮಿತಿ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5. ನೀರಿನಲ್ಲಿ ಈಗಾಗಲೇ ಸಾಕಷ್ಟಿದ್ದರೆ ಸೇರಿಸುವ ಮಾತು ಅಲ್ಲಿಗೇ ಬಿಡಿ.

ಆಮೇಲೆ ಮಕ್ಕಳು. 5 ವರ್ಷದವರಲ್ಲಿ ಹಾಲು ಹಲ್ಲಿನ ಸ್ಥಿತಿ ಗೊತ್ತಾಗುತ್ತದೆ, 12ರವರಲ್ಲಿ ಶಾಶ್ವತ ಹಲ್ಲಿನದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಈ ವಯಸ್ಸುಗಳನ್ನೇ. ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿರಲಿ.

ಪ್ರತಿ ಮಗುವಿನ ಮನೆಯವರನ್ನು ಕೇಳಿ: ಹುಟ್ಟಿದಾಗಿನಿಂದ ಯಾವ ನೀರು ಕುಡಿಸಿದ್ದೀರಿ? ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ನಡುವೆ ಒಂಟಿ ಮನೆಗಳು. ಹಾಜರಿ ಪುಸ್ತಕದಲ್ಲಿ ಊರು ಒಂದೇ. ಆದರೆ ಒಬ್ಬನ ಮನೆಯಲ್ಲಿ ಪಂಚಾಯ್ತಿ ನಲ್ಲಿ, ಇನ್ನೊಬ್ಬಳ ಮನೆಯಲ್ಲಿ ಬಾವಿ, ಮತ್ತೊಬ್ಬರಿಗೆ ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು. ನಲ್ಲಿ ನೀರೇ ಕುಡಿಯದ ಮಗುವಿಗೆ ಅದರಲ್ಲಿ ಏನು ಬೆರೆಸಿದರೂ ತಲುಪುವುದಿಲ್ಲ, ಅಲ್ವಾ? ಈ ಪ್ರಶ್ನೆಗೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಪೇಸ್ಟ್, ಸಿಹಿ ತಿಂಡಿಯ ಬಗ್ಗೆಯೂ ಬರೆದುಕೊಳ್ಳಿ.

ಹಲ್ಲು ನೋಡಬೇಕಾದವರು ತರಬೇತಾದ ದಂತವೈದ್ಯರು. ಮಗುವನ್ನು ಬೆಳಕಿರುವ ಜಗುಲಿಯಲ್ಲಿ ಕೂರಿಸಿ, ಬಾಯಿ ಕನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡುತ್ತಾರೆ. ಹುಳುಕಾದದ್ದು, ಹುಳುಕಿನಿಂದ ಕೀಳಿಸಿದ್ದು, ಸಿಮೆಂಟ್ ತುಂಬಿಸಿದ್ದು, ಮೂರನ್ನೂ ಬೇರೆಬೇರೆ ಬರೆಯಬೇಕು. ತಾನಾಗಿ ಬಿದ್ದ ಹಾಲು ಹಲ್ಲು ಈ ಲೆಕ್ಕಕ್ಕೆ ಸೇರಬಾರದು. ಎಡ ಬಲ ಎರಡೂ ಕಡೆಯ ಹಲ್ಲಿನಲ್ಲಿ ಒಂದೇ ಥರ ಬಿಳಿ ಗೆರೆ ಕಂಡರೆ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿಗೆ ಬರುವ ಕಲೆ, ಇರಬಹುದು. ಅದು ಎಷ್ಟಿದೆ ಎಂದು ಅಳೆಯುವ ಡೀನ್ ಸೂಚ್ಯಂಕದಲ್ಲಿ ಅದಕ್ಕೆ ಪ್ರತ್ಯೇಕ ಅಂಕ. ಹತ್ತರಲ್ಲೊಂದು ಮಗುವನ್ನು ಮತ್ತೊಮ್ಮೆ ನೋಡಿ, ಎರಡೂ ಸಲದ ಬರಹ ತಾಳೆಯಾಗುತ್ತದಾ ನೋಡಬೇಕು.

ನೋವಿರುವ ಮಗು ಸಿಕ್ಕರೆ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಡಿ. ಲೆಕ್ಕ ಬರೆದುಕೊಂಡು ಎದ್ದು ಹೋಗುವುದು ತಪ್ಪು.

ಫ್ಲೋರೈಡ್ ಸೇರಿಸದ ಅಂಥದೇ ಇನ್ನೊಂದು ಊರಿನಲ್ಲೂ ಇದೇ ತಪಾಸಣೆ ಆಗಲಿ. ಮುಂದೆ ಹುಳುಕು ಕಡಿಮೆಯಾದರೆ ಅದು ನೀರಿನಿಂದಲೋ, ಪೇಸ್ಟಿನಿಂದಲೋ ಎಂದು ತಿಳಿಯಲು ಆ ಊರಿನ ಪಟ್ಟಿಯೂ ಕೈಯಲ್ಲಿರಬೇಕು.