ಒಂಟಿ ಅಕಾರ್ಡಿಯನ್, ಕನ್ನಡ ಹಾಡು, ಕ್ಲೆಜ್ಮರ್ ಕುಣಿತ: ಬರ್ಲಿನ್‌ನಲ್ಲಿ ನನ್ನ ಅನುಭವ

ಒಂದು ಅಕಾರ್ಡಿಯನ್, ಒಂದು ಗಂಟಲು. ಇವೆರಡರಿಂದಲೇ ನಾಲ್ಕು ವರ್ಷದಿಂದ ಬರ್ಲಿನ್‌ನಲ್ಲಿ ಮನೆ ಬಾಡಿಗೆ ಕಟ್ಟುತ್ತಿದ್ದೇನೆ. ಬೇರೆ ಕೆಲಸ ಇಲ್ಲ. ಹಾಡುಗಳು ನನ್ನವೇ. ಮಾತು ಹೆಚ್ಚಾಗಿ ಕನ್ನಡ, ನಡುವೆ ಸ್ವಲ್ಪ ಜರ್ಮನ್. ನಡೆ ಮಾತ್ರ ಯಹೂದಿಗಳ ಕ್ಲೆಜ್ಮರ್ ಸಂಗೀತದ್ದು. ಇಂಜಿನಿಯರ್ ಕೆಲಸ ಬಿಟ್ಟಾಗ "ಇದು ನಡೆಯೋದಲ್ಲ ಬಿಡು" ಅಂದವರೇ ಜಾಸ್ತಿ. ಹುಬ್ಬಳ್ಳಿಯ ಸೋದರಮಾವ ಅಂದರು, ಇಲ್ಲಿನ ಕ್ಲಾರಿನೆಟ್ ಗೆಳೆಯನೂ ಅಂದ. ಕನ್ನಡ ಯಾರಿಗೆ ಅರ್ಥವಾಗುತ್ತೆ, ಒಬ್ಬನೇ ನುಡಿಸಿದರೆ ಯಾರು ಕುಣೀತಾರೆ ಅನ್ನೋದು ಅವರ ಮಾತು. ಈಗ ಆ ಗೆಳೆಯನೇ ಕಲಿಯುವವರನ್ನು ನನ್ನ ಹತ್ತಿರ ಕಳಿಸುತ್ತಾನೆ. ಅದಕ್ಕೇ ಹೇಗೆ ಮಾಡಿದೆ ಅಂತ ಬರೆಯೋಣ ಅನಿಸಿತು. ಹಾರ್ಮೋನಿಯಂ, ಕೀಬೋರ್ಡ್ ನುಡಿಸುತ್ತಾ ಸ್ವಂತ ಹಾಡು ಕಟ್ಟುವವರಿಗಾಗಿ ಇದು. ಸ್ವರ, ತಾಳದ ಲೆಕ್ಕ ನಿಮಗೆ ಗೊತ್ತೇ ಇರುತ್ತೆ.

ಕ್ಲೆಜ್ಮರ್ ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮದುವೆ ಮನೆಯ ಸಂಗೀತ. ಮೊದಲು ಅಲ್ಲಿ ಪಿಟೀಲು ಮತ್ತು ಸಂತೂರ್ ಜಾತಿಯ ತ್ಸಿಂಬ್ಲ್ ಇದ್ದವು. ಆಮೇಲೆ ಕ್ಲಾರಿನೆಟ್ ಬಂತು. ಅಕಾರ್ಡಿಯನ್ ಬಂದದ್ದು ತಡವಾಗಿ. ಮಿಷ್ಕಾ ಜಿಗಾನೋಫ್ 1919ರಲ್ಲಿ ನ್ಯೂಯಾರ್ಕ್‌ನಲ್ಲಿ ಕೊಟ್ಟ ರೆಕಾರ್ಡಿಂಗ್ ಹುಡುಕಿ ಕೇಳಿ, ನಮ್ಮ ವಾದ್ಯದ ಹಳೇ ದನಿ ಸಿಗುತ್ತೆ. ನಾನು ಜಾಸ್ತಿ ಕಲಿತದ್ದು ಮಾತ್ರ ಕ್ಲಾರಿನೆಟ್‌ನಿಂದ. ನಾಫ್ತುಲೆ ಬ್ರಾಂಡ್‌ವೈನ್ ಮತ್ತು ಡೇವ್ ತರಾಸ್ ಅವರ ಹಳೇ ಪ್ಲೇಟುಗಳನ್ನು ಅರ್ಧ ವೇಗಕ್ಕೆ ಇಳಿಸಿ, ಒಂದೊಂದು ಸಾಲು ಬಿಡಿಸಿ ನುಡಿಸುತ್ತಿದ್ದೆ. ಆ ಯಹೂದಿಗಳ ಭಾಷೆ ಯಿಡ್ಡಿಷ್. ಬೇಸಿಗೆಯಲ್ಲಿ ಜರ್ಮನಿಯ ವೈಮಾರ್ ಊರಿನಲ್ಲಿ ನಡೆಯುವ ಯಿಡ್ಡಿಷ್ ಸಮ್ಮರ್ ಅನ್ನುವ ಸಂಗೀತ ಕಮ್ಮಟಕ್ಕೆ ಹೋದೆ. ಅದನ್ನು ಕಟ್ಟಿದ ಆಲನ್ ಬರ್ನ್ ಸ್ವತಃ ಅಕಾರ್ಡಿಯನ್ ವಾದಕರು. ಊರಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬುಖೆನ್‌ವಾಲ್ಡ್ ಯಾತನಾ ಶಿಬಿರದ ಜಾಗ ಇದೆ. ಈ ಸಂಗೀತ ನುಡಿಸುತ್ತಿದ್ದ ಜನರನ್ನು ನಾಜಿಗಳು ಊರೂರೇ ಕೊಂದರು. ಇದನ್ನು ಮರೆತು ಈ ರಾಗಗಳನ್ನು ಮುಟ್ಟಬಾರದು. ಹಾಗಾಗಿ ನಾನೇ ಹಾಕಿಕೊಂಡ ನಿಯಮ ಒಂದಿದೆ. ಹಳೆಯ ರಾಗವನ್ನು ಹಳೆಯದಾಗಿಯೇ, ಯಾರಿಂದ ಬಂತು ಅಂತ ಹೇಳಿ ನುಡಿಸುತ್ತೇನೆ. ಹಸೀದರು ಅನ್ನುವ ಯಹೂದಿ ಪಂಥದವರ ಭಕ್ತಿಯ ಧಾಟಿಗಳಾದ ನಿಗುನ್‌ಗಳಿಗೆ ನನ್ನ ಮಾತು ಜೋಡಿಸುವುದಿಲ್ಲ. ನನ್ನ ಮಾತಿಗೆ ನಾನೇ ಹೊಸ ಧಾಟಿ ಕಟ್ಟುತ್ತೇನೆ.

ಧೈರ್ಯ ಕೊಟ್ಟದ್ದು ಇಬ್ಬರು. ಒಬ್ಬರು ವ್ಯಾಂಕೂವರ್‌ನ ಜೆಫ್ ಬರ್ನರ್. ಅಕಾರ್ಡಿಯನ್ ಹಿಡಿದು, ಕ್ಲೆಜ್ಮರ್ ಮೈಗೂಡಿಸಿಕೊಂಡು, ತಮ್ಮ ಕಾಲದ ಜಗಳಗಳನ್ನೇ ಇಂಗ್ಲಿಷ್‌ನಲ್ಲಿ ಹಾಡುವವರು. ಇನ್ನೊಬ್ಬರು ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಡೇನಿಯಲ್ ಕಾನ್. 2005ರಲ್ಲಿ ಬರ್ಲಿನ್‌ನಲ್ಲೇ ತಂಡ ಕಟ್ಟಿ ಯಿಡ್ಡಿಷ್, ಇಂಗ್ಲಿಷ್, ಜರ್ಮನ್ ಮೂರನ್ನೂ ಬೆರೆಸಿದರು. ಇಬ್ಬರೂ ಯಹೂದಿಗಳು, ಅದು ಅವರ ಮನೆಯ ಆಸ್ತಿ. ನಾನು ಹೊರಗಿನವನು. ನಾನು ಅವರಿಂದ ತೆಗೆದುಕೊಂಡದ್ದು ಇಷ್ಟೇ: ಇವತ್ತಿನ ಮಾತನ್ನು, ತನಗೆ ಬರುವ ಭಾಷೆಯಲ್ಲಿ, ಕುಣಿತದ ಮೇಲೆ ಹಾಡಬಹುದು. ಬಾಯಿಪಾಠದ ಯಿಡ್ಡಿಷ್ ಹಾಡಿ ಚಪ್ಪಾಳೆ ಗಿಟ್ಟಿಸುವುದು ನನಗೆ ಬೇಡವಾಗಿತ್ತು.

ಈಗ ದುಡ್ಡಿನ ವಿಷಯ. ಮೊದಲ ವಾದ್ಯ 120 ಬೇಸ್‌ನದು, ಅಂದರೆ ಎಡಗೈಗೆ ಅಷ್ಟು ಬಟನ್. ಹಳೆಯದು. ಸುಮಾರು 800 ಯೂರೋ ಕೊಟ್ಟಿದ್ದೆ. ತೂಕ 11 ಕೆಜಿ ಹತ್ತಿರ. ಮೊದಲ ಚಳಿಗಾಲದಲ್ಲೇ, ದನಿ ಕೊಡುವ ರೀಡುಗಳನ್ನು ಹಿಡಿದಿಡುವ ಒಳಗಿನ ಮೇಣ ಬಿರುಕು ಬಿಟ್ಟಿತು. ಹೀಟರ್ ಉರಿಯುವ ಮನೆಯ ಒಣ ಗಾಳಿ ಅಂಥದು. ರೀಡುಗಳು ಒಂದೊಂದಾಗಿ ಸಡಿಲವಾಗಿ ಗಿರ್ ಅನ್ನತೊಡಗಿದವು. ರಿಪೇರಿಗೆ 700 ಆಯಿತು. ಆಮೇಲೆ ಬೆನ್ನು ಹಿಡಿದುಕೊಂಡಿತು, ಫಿಸಿಯೋಥೆರಪಿಗೆ ಓಡಾಡಿದೆ. ಕೊನೆಗೆ ಅದನ್ನು 500ಕ್ಕೆ ಕೊಟ್ಟು, ಸುಮಾರು 1,800 ಸುರಿದು ಏಳೆಂಟು ಕೆಜಿಯ 72 ಬೇಸ್ ತಂದೆ. ನಿಂತು ಹಾಡುವವರಿಗೆ 72 ಧಾರಾಳ ಸಾಕು. ದೊಡ್ಡ ವಾದ್ಯದ ಬಲಗಡೆ ತುದಿಯ ಸ್ವರಗಳು ನನಗೆ ಇವತ್ತಿನವರೆಗೂ ಬೇಕಾಗಿಲ್ಲ.

ಆಮೇಲೆ ತಂಡ ಕಟ್ಟಿದೆವು. ಕ್ಲಾರಿನೆಟ್, ಪಿಟೀಲು, ಡಬಲ್ ಬೇಸ್, ಡ್ರಮ್ಸ್, ನಾನು. ಎರಡು ವರ್ಷಕ್ಕಿಂತ ಹೆಚ್ಚು ನಡೆಯಿತು. ಬಾರ್‌ಗಳು ಒಂದು ಸಂಜೆಗೆ 300, 400 ಕೊಡುತ್ತಿದ್ದವು. ಐವರು ಹಂಚಿಕೊಂಡು, ಅಭ್ಯಾಸದ ಕೋಣೆಯ ಬಾಡಿಗೆ ಕಳೆದರೆ ಕೈಗೆ ಉಳಿಯುತ್ತಿದ್ದದ್ದು ಊಟದ ಖರ್ಚು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಐದು ವಾದ್ಯದ ಕೆಳಗೆ ಮಾತು ಮುಳುಗಿಹೋಗುತ್ತಿತ್ತು. ಹಾಡು ಬರೆದದ್ದೇ ವ್ಯರ್ಥ ಅನಿಸುವಷ್ಟು. ಸ್ಟುಡಿಯೋದಲ್ಲಿ ಆಲ್ಬಂ ಮಾಡಿದೆವು, ಸುಮಾರು 5,000 ಯೂರೋ ಹೋಯಿತು. ಅಲ್ಲಿನ ಮಿಕ್ಸಿಂಗ್‌ನವರು ತಿದಿಯ ಉಸಿರಿನ ಸದ್ದನ್ನು "ಗಲಾಟೆ" ಅಂತ ಪೂರ್ತಿ ಒರೆಸಿಬಿಟ್ಟಿದ್ದರು. ಹಾಡು ಸತ್ತುಹೋಗಿತ್ತು. 500 ಸಿಡಿ ಒತ್ತಿಸಿದ್ದರಲ್ಲಿ ಮುಕ್ಕಾಲು ಭಾಗ ಈಗಲೂ ನೆಲಮಾಳಿಗೆಯಲ್ಲಿವೆ. ಎರಡನೆಯ ಆಲ್ಬಂ ನನ್ನ ಅಡುಗೆಮನೆಯಲ್ಲಿ ಎರಡು ಮೈಕ್ ಇಟ್ಟು ಮಾಡಿದ್ದು. ಎಲ್ಲ ಸೇರಿ 400 ಚಿಲ್ಲರೆ. ತಿದಿಯ ಸದ್ದು, ಕೀ ಬೀಳುವ ಟಕ ಟಕ, ಎಲ್ಲ ಹಾಗೇ ಇದೆ. ಮಾರಾಟವಾಗುವುದು ಅದೇ.

ತಂಡ ಚದುರಿದ ಮೇಲೆ ಒಬ್ಬನೇ ಕೂತು ಹಾಡು ಕಟ್ಟುವ ರೀತಿಯನ್ನೇ ಬದಲಾಯಿಸಿದೆ. ಕ್ಲೆಜ್ಮರ್ ಅಂದ ಕೂಡಲೇ ಎಲ್ಲರೂ ಹಿಡಿಯುವುದು ಅದರ ಸ್ವರಶ್ರೇಣಿಯನ್ನು. ಫ್ರೇಗಿಶ್ ಅನ್ನುವ ಶ್ರೇಣಿಯ ಸ್ವರಗಳು ನಮ್ಮ ವಕುಳಾಭರಣ ರಾಗದವೇ. ಹಿಂದೂಸ್ತಾನಿಯವರಿಗೆ ಬಸಂತ್ ಮುಖಾರಿ. ಇನ್ನೊಂದು ಶ್ರೇಣಿ ನೇರವಾಗಿ ಹೇಮವತಿ ರಾಗಕ್ಕೆ ಹೊಂದುತ್ತೆ. ಇದು ಗೊತ್ತಾದಾಗ ನನಗೂ ಖುಷಿಯಾಗಿತ್ತು, ತಾನುಗಳನ್ನೂ ಹಾಕಿ ನೋಡಿದೆ. ಕೇಳಲು ಚೆನ್ನಾಗಿಯೇ ಇತ್ತು. ಆದರೆ ನೊಯ್‌ಕೋಲ್ನ್ ಬಡಾವಣೆಯ ಸೆಷನ್‌ನಲ್ಲಿ ಕುಣಿಯುತ್ತಿದ್ದವರು ನಿಂತು ಕೇಳತೊಡಗಿದರು. ಮದುವೆ ಸಂಗೀತ ಕಛೇರಿ ಆಗಿಹೋಯಿತು. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಅಲ್ವಲ್ಲ. ಆಗ ಗಟ್ಟಿಯಾದದ್ದು ಇದು: ಹಾಡನ್ನು ಕುಣಿತದ ಹೆಜ್ಜೆಯಿಂದ ಶುರು ಮಾಡಬೇಕು. ಸ್ವರ ಆಮೇಲೆ.

ಬುಲ್ಗಾರ್ ಅನ್ನುವ ಕುಣಿತದ ನಡೆ ಮೂರು, ಮೂರು, ಎರಡು. ತಕಿಟ ತಕಿಟ ತಕ. ನಾನು ವಾದ್ಯ ಮುಟ್ಟದೆ, ನಡೆಯುತ್ತಾ ಮಾತನ್ನೇ ಆ ಅಳತೆಗೆ ಕೂರಿಸುತ್ತೇನೆ. "ಮಳೆಲಿ ನೆನೆದು ಬಾ, ಹಳೆಯ ಕೊಡೆಯ ತಾ." ಮಾತ್ರೆ ಎಣಿಸಿ ನೋಡಿ. ಕೊನೆಯ ದೀರ್ಘದ ಮೇಲೆ ಎಡಗೈ ಬೇಸ್ ಬೀಳುತ್ತೆ, ಕುಣಿಯುವವರ ಕಾಲೂ ಅಲ್ಲೇ ಬೀಳುತ್ತೆ. ಅರ್ಥ ತಿಳಿಯದ ಜರ್ಮನ್ನರು ಎರಡನೇ ಸಲಕ್ಕೆ ಆ "ಬಾ", "ತಾ" ಮಾತ್ರ ಕೂಗಿ ಹಾಡುತ್ತಾರೆ. ಇನ್ನೊಂದು ಹೋರಾ. ನಿಧಾನವಾದ ಮೂರು ಎಣಿಕೆ, ನಡುವಿನದು ಖಾಲಿ, ಒಂದು ಮತ್ತು ಮೂರಕ್ಕೆ ಮಾತ್ರ ಪೆಟ್ಟು. ಕನ್ನಡದಲ್ಲಿ ಗುರು ಲಘು ಜೋಡಿ ಇದಕ್ಕೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತೆ. "ಊರ ದಾರಿ ದೂರವಾಯ್ತು." ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆ ಗೊತ್ತಾಗುತ್ತೆ, ಇದು ಭೋಗ ಷಟ್ಪದಿಯ ನಡೆ. ಗುರುವಿನ ಎರಡನೇ ಮಾತ್ರೆಯೇ ಆ ಖಾಲಿ ಎಣಿಕೆ. ಹೋರಾದ ಕುಂಟುನಡಿಗೆ ನಮ್ಮ ಪದಗಳಲ್ಲೇ ಇತ್ತು! ಇದನ್ನು ಕಂಡುಕೊಂಡ ವಾರ ನನಗೆ ನಿದ್ದೆ ಇರಲಿಲ್ಲ.

ಹಾಗಂತ ಭಾಮಿನಿಯನ್ನೂ ಎಳೆದು ತಂದೆ. ಮೂರು, ನಾಲ್ಕು ಮಾತ್ರೆಯ ಏಳರ ನಡೆ. ಹಾಡಲು ಎಷ್ಟು ಸೊಗಸು! ಆದರೆ ಬುಲ್ಗಾರ್ ಎಂಟರದು. ಕುಣಿಯುವ ವೃತ್ತ ಎರಡು ಸಾಲಿಗೇ ಒಡೆಯಿತು. ಆ ಹಾಡನ್ನು ಈಗ ಕೂತು ಕೇಳುವವರ ಮುಂದೆ ಮಾತ್ರ ಹಾಡುತ್ತೇನೆ.

ಎಡಗೈಗೆ ಒಂದು ಮಾತು. ಬಿಳಿ ಎರಡರಲ್ಲಿ, ಅಂದರೆ ಡಿ ಶ್ರುತಿಯಲ್ಲಿ, ಫ್ರೇಗಿಶ್ ನುಡಿಸುವಾಗ ಕೊನೆಗೆ ಎ ಸೆವೆನ್ ಒತ್ತಿ ಡಿ ಮೇಜರ್‌ಗೆ ಬರುವುದು ಸಿನಿಮಾ ಹಾಡಿನ ಅಭ್ಯಾಸ. ಅದರಲ್ಲಿರುವ ಸಿ ಶಾರ್ಪ್ ಈ ಶ್ರೇಣಿಯದಲ್ಲ. ಸಿ ಮೈನರ್‌ನಿಂದ ಡಿ ಮೇಜರ್‌ಗೆ ಬನ್ನಿ, ಕೂಡಲೇ ಮನೆ ಸಿಕ್ಕಂತಾಗುತ್ತೆ. ದನಿಯ ಬಣ್ಣ ಬದಲಿಸುವ ಗುಂಡಿಗಳು, ಅಂದರೆ ರಿಜಿಸ್ಟರ್, ಅವುಗಳ ವಿಷಯದಲ್ಲಿ ಅಲೆಅಲೆಯಾಗಿ ಕೇಳುವ ಮ್ಯುಸೆಟ್ ಬೇಡ. ಬಸೂನ್ ರಿಜಿಸ್ಟರ್ ಚೆಂದ, ಆದರೆ ಗಂಡು ದನಿಯನ್ನು ನುಂಗುತ್ತೆ. ಹಾಡುವಾಗ ಕ್ಲಾರಿನೆಟ್ ರಿಜಿಸ್ಟರ್ ಒಂದೇ.

ಹಾರ್ಮೋನಿಯಂ ಕೈಗೆ ಕಷ್ಟವಾಗುವುದು ಕ್ರೆಖ್ಟ್ಸ್, ಅಂದರೆ ಆ ಬಿಕ್ಕು. ಸ್ವರ ಬಿಡುವ ಕ್ಷಣದಲ್ಲಿ ಮೇಲಿನ ಕೀಯನ್ನು ಉಗುರು ತಾಗಿದಷ್ಟು ಮುಟ್ಟಬೇಕು, ಅದೇ ಕ್ಷಣ ತಿದಿ ನಿಲ್ಲಬೇಕು. ಸ್ವರ ಹುಟ್ಟುವ ಮೊದಲೇ ಗಂಟಲಲ್ಲಿ ಸಿಕ್ಕಿಕೊಂಡಂತೆ ಕೇಳುತ್ತೆ. ಹಾರ್ಮೋನಿಯಂನ ಒಳಗಿನ ತಿದಿ ಗಾಳಿ ಕೂಡಿಟ್ಟುಕೊಂಡಿರುತ್ತೆ, ಕೈ ನಿಂತರೂ ಸ್ವರ ನಿಲ್ಲಲ್ಲ. ಅಕಾರ್ಡಿಯನ್‌ನಲ್ಲಿ ಕೈ ನಿಂತರೆ ಸದ್ದೇ ಇಲ್ಲ. ಹುಬ್ಬಳ್ಳಿಯಲ್ಲಿ ಭಜನೆಗೆ ನುಡಿಸಿದ ಕೈಗೆ ಇದನ್ನು ಕಲಿಸಲು ಒಂದು ವರ್ಷದ ಮೇಲೆ ಹಿಡಿಯಿತು. ಹಾಡುತ್ತಲೇ ಬಿಕ್ಕು ಹಾಕುವಾಗ ತಿದಿಯನ್ನು ಯಾವ ಅಕ್ಷರದ ಮೇಲೆ ತಿರುಗಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ. ಎದುರು ಕೂತು ಕಲಿಯುವವರಿಗೆ ಹೇಳಿಕೊಡುತ್ತೇನೆ.

ಜಾಗ ಸಿಕ್ಕಿದ್ದು ಜನರ ಮನೆಗಳಲ್ಲಿ. ಇಲ್ಲಿ ಹಾಲ್‌ನಲ್ಲಿ ಇಪ್ಪತ್ತು, ಮೂವತ್ತು ಜನ ಕೂರಿಸಿ, ಕೊನೆಗೆ ದುಡ್ಡು ಹಾಕಲು ಟೋಪಿ ತಿರುಗಿಸುವ ಕಛೇರಿಗಳು ನಡೆಯುತ್ತವೆ. ಮೈಕ್ ಬೇಡ, ಬಾಡಿಗೆ ಇಲ್ಲ. ಪ್ರತಿ ಹಾಡಿನ ಮುಂಚೆ ಒಂದು ನಿಮಿಷ ಜರ್ಮನ್‌ನಲ್ಲಿ ಕತೆ ಹೇಳುತ್ತೇನೆ. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾಕೆ ಅಂತ. ಹಾಳೆಯಲ್ಲಿ ಸಾಹಿತ್ಯದ ಅರ್ಥ ಮುದ್ರಿಸಿ ಹಂಚುತ್ತೇನೆ. ಕನ್ನಡ ತಿಳಿಯದಿದ್ದರೆ ಕೇಳಲ್ಲ ಅಂದಿದ್ದರಲ್ಲ, ಆ ಹಾಳೆ ಹಿಡಿದು ಬೆರಳಿಟ್ಟು ಓದುತ್ತಾ ಕೇಳುತ್ತಾರೆ. ಒಂದು ಸಂಜೆಗೆ 250ರಿಂದ 400 ಬೀಳುತ್ತೆ. ಟೋಪಿ ಯಾವ ಹಾಡಿನ ನಂತರ ಹೊರಡಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ, ಅದೂ ನನ್ನ ಹತ್ತಿರವೇ ಇರಲಿ. ಆ ಮನೆಗಳಿಂದಲೇ ಮದುವೆಗಳು ಬರುತ್ತವೆ. ಮದುವೆಗೆ 600ರಿಂದ 900. ಅಲ್ಲಿ ಮುಕ್ಕಾಲು ಪಾಲು ಕುಣಿತ, ನನ್ನ ಹಾಡು ಮೂರೋ ನಾಲ್ಕೋ.

ಕನ್ನಡಿಗರ ಯುಗಾದಿ ಕಾರ್ಯಕ್ರಮವೊಂದರಲ್ಲಿ ಮೊದಲ ಸಲ ಹಾಡಿದಾಗ "ಸುಮ್ನೆ ಒಂದು ಸಿನಿಮಾ ಹಾಡು ಹೇಳಿ" ಅಂತ ಚೀಟಿ ಬಂತು. ಮುಂದಿನ ವರ್ಷ ಮೊದಲೇ ಎಲ್ಲರನ್ನೂ ಎಬ್ಬಿಸಿ, ಕೈ ಕೈ ಹಿಡಿಸಿ, ವೃತ್ತದ ಹೆಜ್ಜೆ ಕಲಿಸಿದೆ. ಅಜ್ಜಿಯರೂ ಎದ್ದರು. ಚೀಟಿ ಬರಲಿಲ್ಲ.

ಈಗ ವರ್ಷಕ್ಕೆ ತೆರಿಗೆಗೆ ಮುಂಚೆ 22, 24 ಸಾವಿರ ಯೂರೋ ಆಗುತ್ತೆ. ಅರ್ಧ ಮದುವೆ ಮತ್ತು ಕುಣಿತದ ಸಂಜೆಗಳಿಂದ, ಮೂರನೇ ಒಂದು ಭಾಗ ಮನೆ ಕಛೇರಿಗಳಿಂದ, ಉಳಿದದ್ದು ಪಾಠ, ಸಿಡಿ. ಇಂಜಿನಿಯರ್ ಸಂಬಳದ ಅರ್ಧವೂ ಅಲ್ಲ, ನಿಜ. ಆದರೆ ಸಾಲ ಇಲ್ಲ, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಶನಿವಾರ ಖಾಲಿ ಇಲ್ಲ. ಜರ್ಮನಿಯಲ್ಲಿರುವ ಕಲಾವಿದರು ಕೆಎಸ್‌ಕೆಗೆ, ಅಂದರೆ ಕಲಾವಿದರ ಸಾಮಾಜಿಕ ವಿಮಾ ನಿಧಿಗೆ, ಅರ್ಜಿ ಹಾಕಿ. ಕಲೆಯಿಂದ ವರ್ಷಕ್ಕೆ 3,900 ಯೂರೋ ಮೇಲೆ ದುಡಿಯುವವರಿಗೆ ಆರೋಗ್ಯ ವಿಮೆ, ಪಿಂಚಣಿ ಕಂತಿನ ಅರ್ಧ ಭಾರ ಇಳಿಯುತ್ತೆ. ಸ್ವಂತ ಹಾಡುಗಳನ್ನು, ಹಾಡು ಕಟ್ಟಿದವರಿಗೆ ರಾಯಧನ ತಂದುಕೊಡುವ ಗೆಮಾ ಸಂಸ್ಥೆಯಲ್ಲಿ ನೋಂದಾಯಿಸಿ. ಕಾಯಂ ವಾಸದ ಪರವಾನಗಿ ಕೈಗೆ ಬಂದ ಮೇಲೆಯೇ ನಾನು ಕೆಲಸ ಬಿಟ್ಟದ್ದು, ಆ ಕ್ರಮ ತಪ್ಪಿಸಬೇಡಿ.

ಈ ಚಳಿಗಾಲಕ್ಕೆ ದೋಯ್ನಾ ಹಿಡಿದಿದ್ದೇನೆ. ತಾಳವಿಲ್ಲದೆ, ಒಂದೇ ಬೇಸ್ ಸ್ವರದ ಮೇಲೆ ಅಲೆಯುತ್ತಾ ಹೋಗುವ ರೂಪ. ನಮ್ಮ ಆಲಾಪದವರಿಗೆ ಸುಲಭ ಅನಿಸಬಹುದು, ಸುಲಭವಲ್ಲ. ಮಾತಿಲ್ಲದ ಆ ಅಲೆದಾಟದಲ್ಲಿ ಕನ್ನಡದ ಒಂದೇ ಒಂದು ಸಾಲು ಎಲ್ಲಿ ಇಳಿಯಬೇಕು ಅಂತ ಹುಡುಕುತ್ತಿದ್ದೇನೆ. ಸದ್ಯಕ್ಕೆ ಎರಡು ಜಾಗ ಸಿಕ್ಕಿವೆ. ಮಾರ್ಚ್ ಹೊತ್ತಿಗೆ ಮನೆ ಕಛೇರಿಗಳಲ್ಲಿ ಎರಡನ್ನೂ ಹಾಡಿ ನೋಡುತ್ತೇನೆ.